ಹೊಲ ಮಾರಿ ಕೊಳ್ಳುವ ಪದವಿಯಲ್ಲ

ಕಳೆದ ಕೆಲವು ವರ್ಷಗಳಿಂದ ನಮಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಹೆಸರು ಬೇರೆ, ಊರು ಬೇರೆ. ಪ್ರಶ್ನೆ ಮಾತ್ರ ಒಂದೇ. ಮಗನೋ ಮಗಳೋ ಜೀವರಸಾಯನಶಾಸ್ತ್ರದಲ್ಲಿಯೋ ಸೂಕ್ಷ್ಮಜೀವಿಶಾಸ್ತ್ರದಲ್ಲಿಯೋ ಜೈವಿಕ ತಂತ್ರಜ್ಞಾನದಲ್ಲಿಯೋ ಎಂ.ಎಸ್‌ಸಿ. ಮುಗಿಸಿರುತ್ತಾರೆ. ಹೊರದೇಶಕ್ಕೆ ಹೋಗಿ ಪಿಎಚ್.ಡಿ. ಮಾಡಬೇಕೆಂಬ ಹಂಬಲವಿರುತ್ತದೆ. ಪೇಟೆಯ ಏಜೆಂಟರು ಲಕ್ಷಗಳ ಲೆಕ್ಕ ಹೇಳಿರುತ್ತಾರೆ. ಇರುವ ನಾಲ್ಕು ಎಕರೆಯಲ್ಲಿ ಎರಡನ್ನು ಮಾರೋಣವೇ, ಬ್ಯಾಂಕಿಗೆ ಒತ್ತೆ ಇಡೋಣವೇ, ದಾರಿ ತೋರಿಸಬೇಕು ಎಂದು ತಂದೆತಾಯಿಗಳು ಬರೆಯುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಈ ತಿಂಗಳ ಅಂಕಣವನ್ನೇ ಈ ವಿಷಯಕ್ಕೆ ಮೀಸಲಿಡುವುದು ಉಚಿತವೆಂದು ಭಾವಿಸಿದ್ದೇವೆ.

ನಾವು ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ ಬೆಳೆದವರು. ಪ್ರಯೋಗಾಲಯದ ಒಳಗಿನ ಕೆಲಸ ನಮ್ಮದಲ್ಲ. ಆದರೆ ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿ ಮುಂದೆ ಹೊರದೇಶದ ಪ್ರಯೋಗಾಲಯಗಳನ್ನು ಸೇರಿದ ಮಕ್ಕಳು ಊರಿಗೆ ಬಂದಾಗ ಅವರನ್ನು ಹತ್ತಿರ ಕೂರಿಸಿಕೊಂಡು ಕೇಳಿದ್ದೇವೆ. ವಿಶ್ವವಿದ್ಯಾಲಯಗಳು ಪ್ರಕಟಿಸಿರುವ ನಿಯಮಗಳನ್ನೂ ಓದಿ ನೋಡಿದ್ದೇವೆ. ಹಾಗೆ ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಲ ಮಾರಬೇಡಿ. ಜೀವವೈದ್ಯಕೀಯ ವಿಜ್ಞಾನಗಳಲ್ಲಿ ಹೊರದೇಶದ ಒಳ್ಳೆಯ ಪಿಎಚ್.ಡಿ. ಸ್ಥಾನಕ್ಕೆ ವಿದ್ಯಾರ್ಥಿ ಹಣ ಕಟ್ಟುವುದಿಲ್ಲ. ಸಂಸ್ಥೆಯೇ ವಿದ್ಯಾರ್ಥಿಗೆ ಹಣ ಕೊಡುತ್ತದೆ. ನಮ್ಮ ಭಾಷೆಯಲ್ಲಿ 'ಶಿಷ್ಯವೇತನ' ಎಂಬ ಸೊಗಸಾದ ಶಬ್ದವಿದೆ. ಶಿಷ್ಯನಿಗೆ ಸಲ್ಲುವ ವೇತನವೆಂಬುದೇ ಅದರ ಅರ್ಥ. ಅಲ್ಲಿ ಸಂಶೋಧನ ವಿದ್ಯಾರ್ಥಿ ಬರಿಯ ಓದುಗನಲ್ಲ, ಪ್ರಯೋಗಾಲಯದಲ್ಲಿ ದಿನವಿಡೀ ದುಡಿಯುವ ಕಾಯಕಜೀವಿ. ಆ ಕಾಯಕಕ್ಕೆ ಪ್ರತಿಯಾಗಿ ಬೋಧನ ಶುಲ್ಕದ ಮನ್ನಾ, ತಿಂಗಳ ಊಟ ವಸತಿಗೆ ಸಾಲುವ ಹಣ, ಬಹುಕಡೆ ಆರೋಗ್ಯ ವಿಮೆ ದೊರೆಯುತ್ತವೆ. ಹೀಗಿಲ್ಲದೆ, ಪ್ರತಿವರ್ಷ ಇಷ್ಟು ಲಕ್ಷ ಕಟ್ಟಿ ಪಿಎಚ್.ಡಿ. ಮಾಡಿಕೊಳ್ಳಿರೆಂದು ಯಾರಾದರೂ ಕರೆದರೆ, ಆ ಕರೆಯನ್ನು ಸಂಶಯದಿಂದಲೇ ನೋಡಬೇಕು.

ಹಾಗಾದರೆ ಏಜೆಂಟರು ಈ ಮಾತನ್ನು ಏಕೆ ಹೇಳುವುದಿಲ್ಲ? ಕಾರಣ ಸರಳವಾಗಿದೆ. ಶುಲ್ಕ ಕಟ್ಟಿ ಓದುವ ವಿದ್ಯಾರ್ಥಿಯನ್ನು ಒದಗಿಸಿದವರಿಗೆ ಹಲವು ವಿಶ್ವವಿದ್ಯಾಲಯಗಳು ಕಮಿಷನ್ ಕೊಡುತ್ತವೆ. ಶಿಷ್ಯವೇತನ ಪಡೆದು ಹೋಗುವ ವಿದ್ಯಾರ್ಥಿಯಿಂದ ಅವರಿಗೆ ದೊರೆಯುವುದೇನೂ ಇಲ್ಲ. ಆದ್ದರಿಂದ ಪಿಎಚ್.ಡಿ. ಬೇಕೆಂದು ಹೋದ ಮಗುವಿಗೆ, ಮೊದಲು ಅಲ್ಲಿಯ ಒಂದು ವರ್ಷದ ಎಂ.ಎಸ್‌ಸಿ. ಮಾಡು, ಆಮೇಲೆ ತಾನಾಗಿ ಪಿಎಚ್.ಡಿ. ಸಿಗುತ್ತದೆ ಎಂದು ಹೇಳಿ ಕಳುಹಿಸುವುದುಂಟು. ಒಳ್ಳೆಯ ಎಂ.ಎಸ್‌ಸಿ. ಒಂದನ್ನು ಇಲ್ಲಿಯೇ ಮುಗಿಸಿದವರಿಗೆ ಇದು ಬಹುಮಟ್ಟಿಗೆ ಅನಾವಶ್ಯಕವಾದ ಸಾಲ. ಒಂದು ವರ್ಷದ ಆ ಪದವಿಯಿಂದ ಪಿಎಚ್.ಡಿ. ತಾನಾಗಿ ಸಿಗುವುದೂ ಇಲ್ಲ.

ಇನ್ನೊಂದು ಭ್ರಮೆಯನ್ನೂ ಇಲ್ಲಿಯೇ ನಿವಾರಿಸಬೇಕು. ಜೀವವೈದ್ಯಕೀಯ ವಿಜ್ಞಾನದ ಪಿಎಚ್.ಡಿ. ಪಡೆದವರ ಹೆಸರಿನ ಹಿಂದೆ 'ಡಾಕ್ಟರ್' ಎಂದು ಸೇರುತ್ತದೆ ನಿಜ. ಆದರೆ ಅದು ರೋಗಿಗೆ ಔಷಧ ಬರೆದುಕೊಡುವ ಅಧಿಕಾರವನ್ನು ಕೊಡುವುದಿಲ್ಲ. ವೈದ್ಯರು ರೋಗಿಯನ್ನು ನೋಡುತ್ತಾರೆ. ಈ ಸಂಶೋಧಕರು ರೋಗವನ್ನು ನೋಡುತ್ತಾರೆ. ಜೀವಕೋಶವೊಂದು ಕ್ಯಾನ್ಸರಿಗೆ ಏಕೆ ತಿರುಗುತ್ತದೆ, ಮೆದುಳಿನ ನರಕೋಶಗಳು ಮುಪ್ಪಿನಲ್ಲಿ ಏಕೆ ಸಾಯುತ್ತವೆ, ಔಷಧಕ್ಕೆ ಬಗ್ಗದ ಕ್ಷಯದ ರೋಗಾಣು ಹೇಗೆ ಹುಟ್ಟುತ್ತದೆ ಎಂಬಂಥವು ಅವರ ಪ್ರಶ್ನೆಗಳು. ಮಗಳು ಡಾಕ್ಟರಾಗಿ ಬಂದು ಊರಲ್ಲಿ ದವಾಖಾನೆ ತೆರೆಯುತ್ತಾಳೆಂದು ತಿಳಿದು ಕಳುಹಿಸಿದರೆ ಮುಂದೆ ಮನೆಯವರಿಗೂ ಮಗಳಿಗೂ ನಿರಾಸೆಯಾಗುತ್ತದೆ.

ಈ ದಾರಿ ಹೊಸದೇನೂ ಅಲ್ಲ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ 1920ರ ದಶಕದಲ್ಲಿ ಅಮೆರಿಕದ ಹಾರ್ವರ್ಡಿಗೆ ಹೋದರು. ಕಾಕಿನಾಡದ ಧರ್ಮಸಂಸ್ಥೆಯೊಂದರ ನೆರವು, ಮಾವನವರು ಕೂಡಿಸಿಕೊಟ್ಟ ಹಣ, ಇವೇ ಅವರ ಬಂಡವಾಳ. ಅಲ್ಲಿ ರಾತ್ರಿ ಆಸ್ಪತ್ರೆಯಲ್ಲಿ ಕೂಲಿಯಂತೆ ದುಡಿದು ಹಗಲು ಓದಬೇಕಾಯಿತು. 1925ರಲ್ಲಿ ತಮ್ಮ ಗುರು ಫಿಸ್ಕೆಯವರೊಡನೆ ರಕ್ತ ಮೂತ್ರಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು, 1930ರಲ್ಲಿ ಪಿಎಚ್.ಡಿ. ದೊರೆಯಿತು. ಮುಂದೆ ಔಷಧ ಕಂಪನಿಯಲ್ಲಿ ಅವರ ಮುಂದಾಳುತನದಲ್ಲಿ ಸಿದ್ಧವಾದ ಫೋಲಿಕ್ ಆಮ್ಲ ವಿರೋಧಿ ಔಷಧದಿಂದಲೇ 1948ರಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿಗೆ ತಾತ್ಕಾಲಿಕವಾಗಿಯಾದರೂ ಉಪಶಮನ ಸಾಧ್ಯವೆಂದು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ತೋರಿಸಿದರು.

ಹರಗೋವಿಂದ ಖೊರಾನಾ ಅವರು 1945ರಲ್ಲಿ ಭಾರತ ಸರ್ಕಾರದ ಶಿಷ್ಯವೇತನದ ಮೇಲೆ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಗಿ 1948ರಲ್ಲಿ ಪಿಎಚ್.ಡಿ. ಪಡೆದರು, 1968ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಇನ್ನು ಕಮಲಾ ಸೊಹೊನಿಯವರ ಕಥೆ ನಮ್ಮ ಬೆಂಗಳೂರಿನಿಂದಲೇ ಮೊದಲಾಗುತ್ತದೆ. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ಸಿ. ವಿ. ರಾಮನ್ ಮೊದಲು ನಿರಾಕರಿಸಿದರು. ಕಮಲಾ ಪಟ್ಟು ಬಿಡದಿದ್ದಾಗ ಷರತ್ತುಗಳ ಮೇಲೆ ಸೇರಿಸಿಕೊಂಡರು. ಅಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ, ಆ ಕೆಲಸದ ಬಲದ ಮೇಲೆಯೇ ಕೇಂಬ್ರಿಜ್‌ಗೆ ಹೋದರು. ಸಸ್ಯಗಳ ಕೋಶಗಳಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತುವಿದೆಯೆಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದು ಸ್ವದೇಶಕ್ಕೆ ಮರಳಿದರು. ಈ ಮೂವರಲ್ಲಿ ಯಾರೂ ಸ್ಥಾನವನ್ನು ಕೊಳ್ಳಲಿಲ್ಲ. ಮಾಡಿದ ಕೆಲಸವೇ ಅವರನ್ನು ಕರೆದೊಯ್ದಿತು. ಸುಬ್ಬರಾಯರಂತೆ ರಾತ್ರಿ ಕೂಲಿ ಮಾಡುವ ಅಗತ್ಯವೂ ಇಂದಿನ ಸಂಶೋಧನ ವಿದ್ಯಾರ್ಥಿಗಿಲ್ಲ.

ಈಗ ದೇಶಗಳ ವಿಚಾರ. ಒಂದೊಂದು ದೇಶದ ಪದ್ಧತಿ ಒಂದೊಂದು ಬಗೆಯದು. ಇದನ್ನು ತಿಳಿಯದೆ ಅರ್ಜಿ ಹಾಕಿದರೆ ಶ್ರಮವೆಲ್ಲ ವ್ಯರ್ಥ.

ಅಮೆರಿಕದಲ್ಲಿ ವಿದ್ಯಾರ್ಥಿ ಮೊದಲು ಒಂದು ವಿಭಾಗವನ್ನು ಸೇರುತ್ತಾನೆ, ಗುರುವನ್ನು ಆಮೇಲೆ ಆರಿಸಿಕೊಳ್ಳುತ್ತಾನೆ. ಮೊದಲ ವರ್ಷ ಪಾಠಗಳ ಜೊತೆಗೆ ಎರಡು ಮೂರು ಪ್ರಯೋಗಾಲಯಗಳಲ್ಲಿ ಕೆಲವು ವಾರಗಳಂತೆ ಕೆಲಸ ಮಾಡಿ, ತನಗೆ ಹೊಂದುವ ಗುರು ಯಾರೆಂದು ನೋಡುತ್ತಾನೆ. ಗುರುವೂ ಅವನನ್ನು ನೋಡುತ್ತಾನೆ. ಗುರುಶಿಷ್ಯರು ಪರಸ್ಪರ ಪರೀಕ್ಷಿಸಿಕೊಳ್ಳಬೇಕೆಂಬ ನಮ್ಮ ಹಿರಿಯರ ಮಾತನ್ನು ಈ ಪದ್ಧತಿ ನೆನಪಿಗೆ ತರುತ್ತದೆ. ಅನಂತರ ಅರ್ಹತಾ ಪರೀಕ್ಷೆ, ಆಮೇಲೆ ಸಂಶೋಧನೆ. ಒಟ್ಟು ಐದಾರು ವರ್ಷ. ಜೀವವೈದ್ಯಕೀಯ ವಿಭಾಗಗಳಲ್ಲಿ ಶಿಷ್ಯವೇತನ ಬಹುಮಟ್ಟಿಗೆ ವರ್ಷಕ್ಕೆ 30,000ದಿಂದ 50,000 ಡಾಲರುಗಳ ನಡುವೆ ಇರುತ್ತದೆ. ದುಬಾರಿ ನಗರಗಳಲ್ಲಿ ಅದು ಕೈಗೆ ಬಾಯಿಗೆ ಸರಿಹೋಗುವಷ್ಟೇ. ಅರ್ಜಿಯ ಕಡೆಯ ದಿನ ಸಾಮಾನ್ಯವಾಗಿ ಡಿಸೆಂಬರ್ ಮೊದಲ ಪಕ್ಷ. ಸಂದರ್ಶನ ಜನವರಿ, ಫೆಬ್ರವರಿಯಲ್ಲಿ. ತರಗತಿ ಆಗಸ್ಟ್ ಸೆಪ್ಟೆಂಬರಿನಲ್ಲಿ. ಜಿ.ಆರ್.ಇ. ಪರೀಕ್ಷೆಯನ್ನು ಈ ವಿಷಯಗಳ ಬಹಳಷ್ಟು ವಿಭಾಗಗಳು ಕೈಬಿಟ್ಟಿವೆ. ಆದ್ದರಿಂದ ವಿಚಾರಿಸದೆ ಕೋಚಿಂಗ್ ತರಗತಿಗೆ ಹಣ ಸುರಿಯಬೇಡಿ.

ಅಲ್ಲಿ ಎಂ.ಎಸ್‌ಸಿ. ಇಲ್ಲದೆಯೂ ಸೇರಬಹುದು, ಆದರೆ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಕೇಳುತ್ತವೆ. 2024ರಲ್ಲಿ ಕರ್ನಾಟಕ ಸರ್ಕಾರ ಮೂರು ವರ್ಷದ ಪದವಿಗೆ ಮರಳಿರುವುದರಿಂದ, ನಮ್ಮ ಬಿ.ಎಸ್‌ಸಿ. ಮಕ್ಕಳು ಎಂ.ಎಸ್‌ಸಿ.ಯನ್ನೂ ಮುಗಿಸಿ ಅರ್ಜಿ ಹಾಕುವುದೇ ಕ್ಷೇಮ. ಇನ್ನೊಂದು ಸಂಗತಿ: ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆ ವಿಶ್ವವಿದ್ಯಾಲಯಗಳಿಗೆ ಕೊಡುವ ತರಬೇತಿ ಅನುದಾನ ಅಲ್ಲಿಯ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಮಾತ್ರ ಮೀಸಲು. ಆದ್ದರಿಂದ ಕೆಲವು ವಿಭಾಗಗಳು ಹೊರದೇಶದವರನ್ನು ಬೆರಳೆಣಿಕೆಯಷ್ಟೇ ತೆಗೆದುಕೊಳ್ಳುತ್ತವೆ. ಅರ್ಜಿಯ ಶುಲ್ಕ ಕಟ್ಟುವ ಮೊದಲು, ಹಿಂದಿನ ವರ್ಷಗಳಲ್ಲಿ ಎಷ್ಟು ಮಂದಿ ಹೊರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿದ್ದೀರಿ ಎಂದು ವಿಭಾಗದ ಕಚೇರಿಗೆ ಬರೆದು ಕೇಳಬಹುದು. ಬಹುಮಟ್ಟಿಗೆ ಉತ್ತರ ಬರುತ್ತದೆ.

ಜರ್ಮನಿಯ ರೀತಿ ಬೇರೆ. ಅಲ್ಲಿ ಎಂ.ಎಸ್‌ಸಿ. ಬೇಕು, ಅವಧಿ ಮೂರರಿಂದ ನಾಲ್ಕು ವರ್ಷ, ಕೆಲವೊಮ್ಮೆ ಸ್ವಲ್ಪ ಹೆಚ್ಚು. ಸಂಶೋಧನ ವಿದ್ಯಾರ್ಥಿಯನ್ನು ಹೆಚ್ಚಾಗಿ ಕರಾರಿನ ಮೇಲೆ ನೌಕರನಂತೆ ನೇಮಿಸಿಕೊಳ್ಳುತ್ತಾರೆ. ಸಾರ್ವಜನಿಕ ಸೇವೆಯ ಇ-13 ಎಂಬ ವೇತನಶ್ರೇಣಿಯ ಅರ್ಧದಿಂದ ಮೂರರಲ್ಲಿ ಎರಡು ಪಾಲಿನಷ್ಟು ಜೀವವಿಜ್ಞಾನಗಳಲ್ಲಿ ಸಾಮಾನ್ಯ. ವಿಶ್ವವಿದ್ಯಾಲಯಗಳಲ್ಲದೆ ಮ್ಯಾಕ್ಸ್ ಪ್ಲಾಂಕ್, ಹೆಲ್ಮ್‌ಹೋಲ್ಟ್ಸ್, ಲೈಬ್‌ನಿಟ್ಸ್ ಎಂಬ ಸಂಶೋಧನ ಸಂಸ್ಥೆಗಳ ಸಮೂಹಗಳಿವೆ. ಹೈಡೆಲ್‌ಬರ್ಗಿನ ಕ್ಯಾನ್ಸರ್ ಸಂಶೋಧನ ಕೇಂದ್ರ ಹೆಲ್ಮ್‌ಹೋಲ್ಟ್ಸ್ ಸಮೂಹಕ್ಕೆ ಸೇರಿದ್ದು. ಅದೇ ಊರಿನಲ್ಲಿ ಯೂರೋಪಿನ ಹಲವು ದೇಶಗಳು ಕೂಡಿ ನಡೆಸುವ ಅಣುಜೀವವಿಜ್ಞಾನ ಪ್ರಯೋಗಾಲಯದ ಮುಖ್ಯ ಕೇಂದ್ರವೂ ಇದೆ. ಈ ಸಂಸ್ಥೆಗಳ ಡಾಕ್ಟರೇಟ್ ಶಾಲೆಗಳಲ್ಲಿ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದರೆ ಅಂಗಡಿ, ಕಚೇರಿ, ಮನೆಯೊಡೆಯರೊಡನೆ ಮಾತಾಡಲು ಸ್ವಲ್ಪ ಜರ್ಮನ್ ಕಲಿತು ಹೋದವರು ಸುಖವಾಗಿರುತ್ತಾರೆ.

ಸ್ವೀಡನ್, ಡೆನ್ಮಾರ್ಕ್, ನೆದರ್‌ಲೆಂಡ್ಸ್, ಸ್ವಿಟ್ಸರ್‌ಲೆಂಡ್ ದೇಶಗಳಲ್ಲಿ ಪಿಎಚ್.ಡಿ. ಎಂದರೆ ಬಹುಮಟ್ಟಿಗೆ ಉದ್ಯೋಗವೇ. ಗುಮಾಸ್ತರ ಹುದ್ದೆಗೆ ಜಾಹೀರಾತು ಬರುವಂತೆ ಸಂಶೋಧನ ವಿದ್ಯಾರ್ಥಿಯ ಹುದ್ದೆಗೂ ವರ್ಷವಿಡೀ ಜಾಹೀರಾತು ಬರುತ್ತದೆ. ಯೂರೋಪಿನ ಒಕ್ಕೂಟ ನಡೆಸುವ 'ಯುರಾಕ್ಸೆಸ್' ಎಂಬ ಜಾಲತಾಣದಲ್ಲಿ ಇವನ್ನು ಶುಲ್ಕವಿಲ್ಲದೆ ನೋಡಬಹುದು. ಮೇರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಹೆಸರಿನ ಡಾಕ್ಟರೇಟ್ ಜಾಲಗಳೂ ಅಲ್ಲಿಯೇ ಪ್ರಕಟವಾಗುತ್ತವೆ; ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಆದರೆ ಸೇರಲಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸವಾಗಿರಬಾರದೆಂಬ ನಿಯಮವಿದೆ. ನಮ್ಮ ಊರಿನಿಂದ ನೇರವಾಗಿ ಹೋಗುವವರಿಗೆ ಇದು ಅನುಕೂಲವೇ. ಸಾಲ ಮಾಡಿ ಅಲ್ಲಿಯೇ ಎರಡು ವರ್ಷ ಎಂ.ಎಸ್‌ಸಿ. ಓದಿದವರಿಗೆ ಅದೇ ದೇಶದ ಈ ಬಾಗಿಲು ಮುಚ್ಚಿಹೋಗುತ್ತದೆ.

ಬ್ರಿಟನ್ನಿನಲ್ಲಿ ಅವಧಿ ಮೂರರಿಂದ ನಾಲ್ಕು ವರ್ಷ. ಅಲ್ಲಿ ಹೊರದೇಶದವರಿಗೆ ಶುಲ್ಕ ಹೆಚ್ಚು. ಹೀಗಾಗಿ 'ಪ್ರವೇಶ ದೊರೆತಿದೆ' ಎಂಬ ಪತ್ರ ಬಂದ ಮಾತ್ರಕ್ಕೆ ಸಂತೋಷಪಡದೆ, ಶುಲ್ಕವೂ ಶಿಷ್ಯವೇತನವೂ ಸೇರಿದೆಯೇ ಎಂದು ನೋಡಬೇಕು. ಸರ್ಕಾರದ ಸಂಶೋಧನ ಮಂಡಲಿಯ ಶಿಷ್ಯವೇತನಗಳು 2021ರಿಂದ ಹೊರದೇಶದವರಿಗೂ ತೆರೆದಿವೆ, ಆದರೆ ಪ್ರತಿ ತಂಡದಲ್ಲಿ ಶೇಕಡಾ 30ರ ಮಿತಿಯಿದೆ. 2025–26ಕ್ಕೆ ಅದರ ಕನಿಷ್ಠ ಮೊತ್ತ ವರ್ಷಕ್ಕೆ 20,780 ಪೌಂಡು. ಕೇಂಬ್ರಿಜ್‌ನ ಗೇಟ್ಸ್ ವಿದ್ಯಾರ್ಥಿವೇತನ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳಿಗೂ ನಮ್ಮವರು ಅರ್ಹರು. ಪೂರ್ವ ದಿಕ್ಕನ್ನೂ ಮರೆಯಬಾರದು. ಜಪಾನಿನ ಓಕಿನಾವಾ ವಿಜ್ಞಾನ ತಂತ್ರಜ್ಞಾನ ಸಂಸ್ಥೆಯಲ್ಲಿ ಐದು ವರ್ಷದ ಪಿಎಚ್.ಡಿ. ಪೂರ್ತಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಸಿಂಗಪುರದಲ್ಲಿ 'ಸಿಂಗಾ' ಎಂಬ ನಾಲ್ಕು ವರ್ಷದ ಶಿಷ್ಯವೇತನ ಹೊರದೇಶದವರಿಗಾಗಿಯೇ ಇದೆ.

ದೇಶ ಯಾವುದೇ ಇರಲಿ, ಮೂಲದಲ್ಲಿ ಹುಡುಕಬೇಕಾದುದು ಗುರುವನ್ನು. ದೊಡ್ಡ ವಿಶ್ವವಿದ್ಯಾಲಯದ ಹೆಸರನ್ನು ನೋಡಿ ಮರುಳಾಗಬಾರದು. ಗುರುವನ್ನು ಹುಡುಕುವುದು ಹೇಗೆ? ಒಂದು ದೃಷ್ಟಾಂತದಿಂದ ವಿವರಿಸುತ್ತೇವೆ.

ಮಲೆನಾಡಿನ ಒಬ್ಬ ವಿದ್ಯಾರ್ಥಿನಿಗೆ ಮಂಗನ ಕಾಯಿಲೆಯ ಮೇಲೆ ಆಸಕ್ತಿಯಿದೆಯೆನ್ನೋಣ. ಈ ರೋಗ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ಆ ಕಾಡಿನ ಹೆಸರಿನಿಂದಲೇ ಕರೆಯಲ್ಪಡುತ್ತಿದೆ. ಉಣ್ಣೆಯ ಕಡಿತದಿಂದ ಹರಡುವ ವೈರಸ್ಸು ಇದಕ್ಕೆ ಕಾರಣ. ಇದರ ದಾಯಾದಿಯೊಂದು ಮಧ್ಯ ಯೂರೋಪಿನ ಕಾಡುಗಳಲ್ಲಿದೆ. ಅದೂ ಉಣ್ಣೆಯಿಂದಲೇ ಹರಡಿ ಮೆದುಳಿನ ಉರಿಯೂತವನ್ನು ತರುತ್ತದೆ. ಆಸ್ಟ್ರಿಯ ದೇಶದವರು ಅದಕ್ಕೆ 1970ರ ದಶಕದಲ್ಲಿಯೇ ಲಸಿಕೆ ಸಿದ್ಧಪಡಿಸಿದ್ದಾರೆ. ಅಂದಮೇಲೆ ಸೊರಬದ ಕಾಡಿನ ಪ್ರಶ್ನೆಗೆ ಗುರುಗಳು ಆಸ್ಟ್ರಿಯದಲ್ಲಿಯೋ ಜರ್ಮನಿಯಲ್ಲಿಯೋ ಚೆಕ್ ದೇಶದಲ್ಲಿಯೋ ಇರಬಹುದಲ್ಲವೇ?

ಆ ವಿದ್ಯಾರ್ಥಿನಿ ಮೊದಲು 'ಪಬ್‌ಮೆಡ್' ಎಂಬ ಉಚಿತ ಸೂಚಿಯಲ್ಲಿ ಈ ಎರಡು ರೋಗಗಳ ಹೆಸರಿನಿಂದ ಇತ್ತೀಚಿನ ಐದು ವರ್ಷಗಳ ಪ್ರಬಂಧಗಳನ್ನು ಹುಡುಕಬೇಕು. ಜೀವವೈದ್ಯಕೀಯ ಪ್ರಬಂಧಗಳಲ್ಲಿ ಲೇಖಕರ ಸಾಲಿಗೆ ಒಂದು ಕ್ರಮವಿದೆ: ಮೊದಲ ಹೆಸರು ಸಾಮಾನ್ಯವಾಗಿ ಕೈಯಾರೆ ಕೆಲಸ ಮಾಡಿದ ವಿದ್ಯಾರ್ಥಿಯದು, ಕಡೆಯ ಹೆಸರು ಪ್ರಯೋಗಾಲಯದ ಯಜಮಾನರದು. ಕಡೆಯ ಹೆಸರುಗಳನ್ನು ಪಟ್ಟಿ ಮಾಡಿಕೊಂಡರೆ ಗುರುಗಳ ಪಟ್ಟಿ ಸಿದ್ಧವಾಯಿತು. ಹತ್ತು ಹದಿನೈದು ಹೆಸರು ಸಾಕು. ಪ್ರತಿಯೊಬ್ಬರ ಎರಡು ಮೂರು ಪ್ರಬಂಧಗಳನ್ನು ಅರ್ಥವಾಗುವವರೆಗೆ ಓದಬೇಕು. ಅವರ ಪ್ರಯೋಗಾಲಯದ ಪುಟದಲ್ಲಿ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ನೋಡಬೇಕು. ಅಮೆರಿಕದ ಪ್ರಾಧ್ಯಾಪಕರಾದರೆ ಅವರಿಗೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನ ಎಷ್ಟಿದೆ, ಯಾವ ವರ್ಷದವರೆಗಿದೆ ಎಂಬುದನ್ನು 'ರಿಪೋರ್ಟರ್' ಎಂಬ ಆ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿಯೇ ನೋಡಬಹುದು. ಹಣವಿಲ್ಲದ ಪ್ರಯೋಗಾಲಯದಲ್ಲಿ ಶಿಷ್ಯನಿಗೆ ಎಡೆಯಿಲ್ಲ.

ಇನ್ನು ಪತ್ರ ಬರೆಯುವ ಕ್ರಮ. ಜರ್ಮನಿ, ಬ್ರಿಟನ್ ಮುಂತಾದೆಡೆ ಪ್ರಾಧ್ಯಾಪಕರಿಗೆ ನೇರವಾಗಿ ಬರೆಯುವುದು ರೂಢಿ. ನಮ್ಮ ಮಕ್ಕಳು ಅಲ್ಲಿಯ ಪ್ರಾಧ್ಯಾಪಕರಿಗೆ ಬರೆಯುವ ಪತ್ರಗಳಲ್ಲಿ ಹೊಗಳಿಕೆ ಹೆಚ್ಚು, ವಿಷಯ ಕಡಿಮೆ. ಒಂದೇ ಒಕ್ಕಣೆಯನ್ನು ಇನ್ನೂರು ಮಂದಿಗೆ ಕಳುಹಿಸುವವರೂ ಇದ್ದಾರೆ. ಅಂಥ ಪತ್ರವನ್ನು ಅವರು ತೆರೆದ ಕೂಡಲೇ ಗುರುತಿಸಿ ಅಳಿಸಿಬಿಡುತ್ತಾರೆ. ಹದಿನೈದು ಸಾಲು ಸಾಕು. ನಾನು ಯಾರು, ಯಾವ ಪ್ರಯೋಗವನ್ನು ನನ್ನ ಕೈಯಿಂದ ಮಾಡಿದ್ದೇನೆ, ತಮ್ಮ ಇಂಥ ಪ್ರಬಂಧದಲ್ಲಿ ನನಗೆ ಹುಟ್ಟಿದ ಪ್ರಶ್ನೆ ಯಾವುದು, ಮುಂದಿನ ವರ್ಷ ತಮ್ಮಲ್ಲಿ ಸ್ಥಾನವಿದೆಯೇ, ಇಷ್ಟನ್ನು ಬರೆದು ಅಂಕಪಟ್ಟಿಯನ್ನೂ ಒಂದೆರಡು ಪುಟದ ಪರಿಚಯವನ್ನೂ ಜೊತೆಗಿಟ್ಟರೆ ಆಯಿತು. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಬಹುದು. ಹತ್ತಕ್ಕೆ ಎಂಟು ಪತ್ರಗಳಿಗೆ ಉತ್ತರ ಬಾರದಿರಬಹುದು. ಅದನ್ನು ಅವಮಾನವೆಂದು ಎಣಿಸಬಾರದು.

ಶಿಫಾರಸು ಪತ್ರಗಳ ವಿಚಾರದಲ್ಲಿ ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಮಠದಿಂದ ಒಂದು ಪತ್ರ ಕೊಡಿ, ಶಾಸಕರಿಂದ ಒಂದು ಕೊಡಿಸಿ ಎಂದು ಕೇಳಿಕೊಂಡು ಬರುವ ಪಾಲಕರು ಇದ್ದಾರೆ. ಅವರ ಭಕ್ತಿ ದೊಡ್ಡದು. ಆದರೆ ಅಂಥ ಪತ್ರಕ್ಕೆ ಅಲ್ಲಿ ಕವಡೆಯ ಬೆಲೆಯೂ ಇಲ್ಲ. ಕುಲಪತಿಗಳ ಪತ್ರಕ್ಕಿಂತ, ಪ್ರಯೋಗಾಲಯದಲ್ಲಿ ಆರು ತಿಂಗಳು ಪಕ್ಕದಲ್ಲಿ ನಿಂತು ಕೆಲಸ ಕಲಿಸಿದ ಕಿರಿಯ ಅಧ್ಯಾಪಕರ ಪತ್ರ ಹೆಚ್ಚು ತೂಕದ್ದು. ಸಾಮಾನ್ಯವಾಗಿ ಎರಡು ಮೂರು ಪತ್ರಗಳು ಬೇಕು, ಅವನ್ನು ಅಧ್ಯಾಪಕರೇ ನೇರವಾಗಿ ಕಳುಹಿಸಬೇಕು. ವಿದ್ಯಾರ್ಥಿಯೇ ತನ್ನ ಹೊಗಳಿಕೆಯನ್ನು ಬರೆದುಕೊಂಡು ಹೋಗಿ ಅಧ್ಯಾಪಕರ ಸಹಿ ಹಾಕಿಸುವ ಪದ್ಧತಿ ನಮ್ಮ ಕೆಲವು ಕಾಲೇಜುಗಳಲ್ಲಿದೆ. ಇದು ಅಸತ್ಯವೂ ಹೌದು, ಅವಿವೇಕವೂ ಹೌದು. ಮೂರು ಪತ್ರಗಳೂ ಒಂದೇ ಕೈಯ ಬರಹವೆಂದು ಓದುವವರಿಗೆ ತಿಳಿಯುತ್ತದೆ. ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ತಮ್ಮ ಒಂದು ಗಂಟೆಯ ಶ್ರಮ ಒಂದು ಮನೆತನದ ದಿಕ್ಕನ್ನೇ ಬದಲಿಸಬಲ್ಲದು, ದಯಮಾಡಿ ತಾವೇ ಬರೆಯಿರಿ.

ಇಂಥ ಪತ್ರಕ್ಕೆ ಯೋಗ್ಯವಾದ ಕೆಲಸ ಮೊದಲು ಇರಬೇಕಷ್ಟೆ. ನಮ್ಮ ಎಂ.ಎಸ್‌ಸಿ. ಮಕ್ಕಳ ಅಂಕಗಳು ಚೆನ್ನಾಗಿರುತ್ತವೆ, ಕೈಗೆ ಪ್ರಯೋಗದ ರೂಢಿ ಮಾತ್ರ ಕಡಿಮೆ. ಇದಕ್ಕೆ ಪರಿಹಾರ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ಅಕಾಡೆಮಿಗಳೊಡನೆ ಕೂಡಿ ಬೇಸಿಗೆಯ ಎರಡು ತಿಂಗಳ ಸಂಶೋಧನ ಶಿಷ್ಯವೇತನವನ್ನು ಹಲವು ವರ್ಷಗಳಿಂದ ಕೊಡುತ್ತ ಬಂದಿದೆ. ಹಳ್ಳಿಯ ಕಾಲೇಜಿನ ವಿದ್ಯಾರ್ಥಿಯೂ ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಕಲಿಯಲು ಇದು ಒಳ್ಳೆಯ ಬಾಗಿಲು. ಎಂ.ಎಸ್‌ಸಿ. ಮುಗಿದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಗಳಲ್ಲಿ ಒಂದೆರಡು ವರ್ಷ ಯೋಜನಾ ಸಹಾಯಕರಾಗಿ ದುಡಿದರೆ ಕೈಗೆ ಸಂಬಳವೂ ಬರುತ್ತದೆ, ಕೈ ಪಳಗುತ್ತದೆ, ಪ್ರಾಮಾಣಿಕವಾಗಿ ಪತ್ರ ಬರೆಯುವ ಗುರುಗಳೂ ದೊರೆಯುತ್ತಾರೆ. ಆ ಎರಡು ವರ್ಷ ಹಾಳಾಯಿತೆಂದು ಮನೆಯವರು ಮರುಗಬಾರದು. ಹಣ ಕೊಟ್ಟು ಪ್ರಬಂಧದಲ್ಲಿ ಹೆಸರು ಸೇರಿಸಿಕೊಡುವ ದಲ್ಲಾಳಿಗಳ ಬಳಿಗಂತೂ ಸುಳಿಯಬಾರದು.

ಖರ್ಚೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಇಂಗ್ಲಿಷ್ ಪರೀಕ್ಷೆಯೊಂದಕ್ಕೇ ಹದಿನೈದು ಸಾವಿರ ರೂಪಾಯಿಗೂ ಮಿಕ್ಕು ತಗಲುತ್ತದೆ. ಅಮೆರಿಕದ ಅರ್ಜಿಗಳಿಗೆ ತಲಾ ಆರೇಳು ಸಾವಿರ ರೂಪಾಯಿಯಂತೆ ಆಗಬಹುದು. ಕೆಲವು ವಿಶ್ವವಿದ್ಯಾಲಯಗಳು ಬಡತನವನ್ನು ತಿಳಿಸಿದರೆ ಮನ್ನಾ ಮಾಡುತ್ತವೆ, ಕೇಳಲು ಸಂಕೋಚಪಡಬಾರದು. ಯೂರೋಪಿನ ಹುದ್ದೆಗಳಿಗೆ ಅರ್ಜಿ ಶುಲ್ಕ ಬಹುಮಟ್ಟಿಗೆ ಇಲ್ಲ. ಅನಂತರ ವೀಸಾ, ವಿಮಾನ, ಮನೆಯ ಮುಂಗಡ, ಮೊದಲ ಸಂಬಳ ಬರುವವರೆಗಿನ ಊಟ. ಎಲ್ಲ ಸೇರಿ ಮೂರು ನಾಲ್ಕು ಲಕ್ಷದ ಮಾತು. ಇದು ಒಂದು ಮದುವೆಯ ಆಡಂಬರವನ್ನು ಸ್ವಲ್ಪ ಕಡಿಮೆ ಮಾಡಿದರೆ ಕೂಡುವ ಹಣ. 1892ರಲ್ಲಿ ಸ್ಥಾಪಿತವಾದ ಜೆ. ಎನ್. ಟಾಟಾ ನಿಧಿ ಹೊರದೇಶದ ವ್ಯಾಸಂಗಕ್ಕೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತದೆ. ಸಮಾಜದ ಉಳ್ಳವರು ಪ್ರತಿಭೆಯುಳ್ಳ ಮಗುವೊಂದರ ಪರೀಕ್ಷಾ ಶುಲ್ಕ, ವಿಮಾನದ ಖರ್ಚನ್ನು ವಹಿಸಿಕೊಂಡರೆ ಅದಕ್ಕ���ಂತ ಮಿಗಿಲಾದ ವಿದ್ಯಾದಾಸೋಹ ಬೇರೊಂದಿಲ್ಲ.

ಹೊರಡುವ ಮೊದಲು ತಿಳಿದಿರಬೇಕಾದ ಕಹಿಯೂ ಇದೆ. 2025ರಲ್ಲಿ ಅಮೆರಿಕದ ಸರ್ಕಾರ ಸಂಶೋಧನೆಯ ಅನುದಾನಗಳನ್ನು ಕಡಿತಗೊಳಿಸಿದಾಗ ಅಲ್ಲಿಯ ಹಲವು ವಿಶ್ವವಿದ್ಯಾಲಯಗಳು ಜೀವವೈದ್ಯಕೀಯ ಪಿಎಚ್.ಡಿ. ಸ್ಥಾನಗಳನ್ನು ಇಳಿಸಿದವು, ಕೊಟ್ಟ ಸ್ಥಾನವನ್ನೇ ಹಿಂದಕ್ಕೆ ಪಡೆದ ಪ್ರಸಂಗವೂ ನಡೆಯಿತು. ಅದೇ ವರ್ಷ ಮೇ ಜೂನ್ ತಿಂಗಳಲ್ಲಿ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ನೋಂದಣಿ ಕೆಲವು ವಾರ ನಿಂತಿತ್ತು. ಆದ್ದರಿಂದ ಒಂದೇ ದೇಶವನ್ನು ನಂಬಿ ಕೂರದೆ ಎರಡು ಮೂರು ದೇಶಗಳಿಗೆ ಅರ್ಜಿ ಹಾಕುವುದು ವಿವೇಕ. ಗುರು ಕಠಿಣನಾಗಿ ಬಿಟ್ಟರೆ, ಪ್ರಯೋಗ ವರ್ಷಗಟ್ಟಲೆ ಫಲಿಸದಿದ್ದರೆ, ಚಳಿಗಾಲದ ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ಒಬ್ಬನೇ ಕುಳಿತು ದುಃಖಿಸುವ ಪ್ರಸಂಗಗಳಿವೆ. ಮಗು ಕರೆ ಮಾಡಿದಾಗ 'ಯಾವಾಗ ಮುಗಿಯುತ್ತದೆ' ಎಂಬ ಒಂದೇ ಪ್ರಶ್ನೆಯನ್ನು ಕೇಳದೆ, 'ಊಟ ಮಾಡಿದೆಯಾ, ಇವತ್ತು ಏನು ಕೆಲಸ ಮಾಡಿದೆ' ಎಂದು ಕೇಳುವುದು ಮನೆಯವರ ಕರ್ತವ್ಯ.

ಹೆಣ್ಣುಮಕ್ಕಳ ವಿಷಯದಲ್ಲಿ ಅನುಮಾನಗಳು ಹೆಚ್ಚು. ಐದು ವರ್ಷ ದೂರದೇಶದಲ್ಲಿದ್ದರೆ ಮದುವೆಯ ವಯಸ್ಸು ಮೀರುತ್ತದೆಂದು ಕೆಲವರು ಮಗಳ ಕೈಗೆ ಬಂದ ಸ್ಥಾನವನ್ನು ಬಿಡಿಸಿದ್ದನ್ನು ಕೇಳಿ ನಮ್ಮ ಮನಸ್ಸು ನೊಂದಿದೆ. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಬೇರೆ ವಿದ್ಯಾರ್ಥಿಗಳಿಗೆ ಕುಟುಂಬವನ್ನು ಕರೆದೊಯ್ಯುವ ಅವಕಾಶವನ್ನು ನಿಲ್ಲಿಸಿದ್ದರೂ ಸಂಶೋಧನ ವಿದ್ಯಾರ್ಥಿಗಳಿಗೆ ಉಳಿಸಿದ್ದಾರೆ. ಜರ್ಮನಿ, ಸ್ವೀಡನ್ ದೇಶಗಳಲ್ಲಿ ನೌಕರರಾಗಿರುವ ಸಂಶೋಧಕಿಯರಿಗೆ ಹೆರಿಗೆ ರಜೆಯ ಹಕ್ಕೂ ಇದೆ. ಮದುವೆಯೂ ವಿದ್ಯೆಯೂ ಒಂದಕ್ಕೊಂದು ಶತ್ರುಗಳಲ್ಲ. 1933ರಲ್ಲಿ ಕಮಲಾ ಅವರಿಗೆ ಎದುರಾದ ಬಾಗಿಲು ಸಂಸ್ಥೆಯದಾಗಿತ್ತು. ಇಂದಿನ ಮಗಳಿಗೆ ಎದುರಾಗುವ ಬಾಗಿಲು ತನ್ನ ಮನೆಯದೇ ಆಗಬಾರದು.

ಎಲ್ಲರೂ ಹೊರದೇಶಕ್ಕೇ ಹೋಗಬೇಕೆಂದೂ ಇಲ್ಲ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನ ಶಿಷ್ಯವೇತನ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿಯೂ ಮನೆ ಬಾಡಿಗೆ ಭತ್ಯೆಯೂ ದೊರೆಯುತ್ತವೆ. ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿ ಜಗತ್ತಿನ ಯಾವ ದೇಶಕ್ಕೂ ಕಡಿಮೆಯಿಲ್ಲದ ಪ್ರಯೋಗಾಲಯಗಳಿವೆ. ಇಲ್ಲಿ ಪಿಎಚ್.ಡಿ. ಮುಗಿಸಿ ಆಮೇಲೆ ಹೊರದೇಶದಲ್ಲಿ ಮುಂದಿನ ಸಂಶೋಧನೆಗೆ ಹೋಗುವವರು ಬಹಳ. ಕಳಪೆ ಗುರುವಿನ ಬಳಿ ಹೊರದೇಶದಲ್ಲಿ ಐದು ವರ್ಷ ಕಳೆಯುವುದಕ್ಕಿಂತ ಒಳ್ಳೆಯ ಗುರುವಿನ ಬಳಿ ಇಲ್ಲಿಯೇ ಕಳೆಯುವುದು ಎಷ್ಟೋ ಮೇಲು.

ಪಾಲಕರು ನೆನಪಿಡಬೇಕಾದುದು ಇಷ್ಟು. ಬಂದ ಪತ್ರದಲ್ಲಿ ಶುಲ್ಕ ಮನ್ನಾ ಇದೆಯೇ, ತಿಂಗಳಿಗೆ ಎಷ್ಟು ಹಣ, ಎಷ್ಟು ವರ್ಷದವರೆಗೆ ಎಂಬ ಮೂರು ಸಂಗತಿಗಳು ಬರಹದಲ್ಲಿವೆಯೇ ಎಂದು ನೋಡಿ. ಇಲ್ಲದಿದ್ದರೆ ಸಹಿ ಹಾಕಬೇಡಿ. ಸ್ಥಾನ ಕಾಯ್ದಿರಿಸಲೆಂದು ಯಾರದೋ ಸ್ವಂತ ಖಾತೆಗೆ ಹಣ ಕಳುಹಿಸಲು ಹೇಳಿದರೆ ಅದು ಮೋಸವೆಂದೇ ತಿಳಿಯಿರಿ. ಎಂ.ಎಸ್‌ಸಿ.ಯ ಮೊದಲ ವರ್ಷದಲ್ಲಿಯೇ ಮಕ್ಕಳು ಪ್ರಬಂಧಗಳನ್ನು ಓದಲು ತೊಡಗಲಿ, ಬರುವ ಬೇಸಿಗೆಯನ್ನು ಒಂದು ಪ್ರಯೋಗಾಲಯದಲ್ಲಿ ಕಳೆಯಲಿ, ಅದರ ಮುಂದಿನ ಆಗಸ್ಟಿನಲ್ಲಿ ಗುರುಗಳ ಪಟ್ಟಿ ಮಾಡಲಿ. ಹೊಲ ಹೊಲವಾಗಿಯೇ ಉಳಿಯಲಿ. ಮಗುವಿನ ಓದಿಗೆ ಬೇಕಾದ ಬಂಡವಾಳ ಅದರ ಕೈಯಲ್ಲಿಯೂ ತಲೆಯಲ್ಲಿಯೂ ಇದೆ.